ಕರಿಬಸಮ್ಮನ ಆಕಾಶದ ಕೋಳಿ

ಚನ್ನಗಿರಿ ಬಸ್ ಸ್ಟ್ಯಾಂಡಿನಿಂದ ಎಡಕ್ಕೆ ತಿರುಗಿ ನಾಲ್ಕು ಹೆಜ್ಜೆ ನಡೆದರೆ ಸೈಕಲ್ ಶಾಪು. ಅದರ ಮೇಲಿನ ಮಹಡಿಯಲ್ಲಿ ಹಗಲೆಲ್ಲ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ಅದು ಮಲ್ಲಿಕಾರ್ಜುನಪ್ಪನವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ಬೋರ್ಡಿನ ಮೇಲಿನ ಹೆಸರು ಅವರದಾದರೂ ಒಳಗೆ ನಡೆಯುತ್ತಿದ್ದದ್ದು ಕರಿಬಸಮ್ಮನ ದರ್ಬಾರು. ತ್ಯಾವಣಿಗೆ, ನಲ್ಲೂರಿನ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ಹುಡುಗ ಹುಡುಗಿಯರು ಮೆಟ್ಟಿಲು ಹತ್ತುವಾಗಲೇ ಒಂದು ಸಲ ಉಗುರು ನೋಡಿಕೊಳ್ಳುತ್ತಿದ್ದರು. ಉಗುರು ಬಿಟ್ಟವರಿಗೆ ಅವತ್ತು ಮಿಷನ್ ಇಲ್ಲ. ಕದ್ದು ಕದ್ದು ಕೀಲಿ ನೋಡಿ ಹೊಡೆಯುವವರ ಕೈಮೇಲೆ ಅವಳು ಹಳೇ ಟವೆಲ್ ಹೊದಿಸಿಬಿಡುತ್ತಿದ್ದಳು. ‘ಎ ಎಸ್ ಡಿ ಎಫ್’ ಎಂದು ಅವಳು ರಾಗವಾಗಿ ಎತ್ತಿಕೊಂಡರೆ ಕೆಳಗೆ ಸೈಕಲ್ ಶಾಪಿನವನ ಸುತ್ತಿಗೆಯೂ ಅದೇ ತಾಳಕ್ಕೆ ಬೀಳುತ್ತಿತ್ತಂತೆ. ಜನ ಹೇಳುವುದನ್ನೆಲ್ಲ ನಂಬಬೇಕಾಗಿಲ್ಲ, ಆದರೆ ಇದನ್ನು ನಂಬಬಹುದು.

ಕರಿಬಸಮ್ಮ ಕತ್ತಲಗೆರೆಯ ಕೂಲಿಯವರ ಮನೆಯ ಮಗಳು. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ಟೈಪಿಂಗಿಗೆ ಸೇರಿ, ಜೂನಿಯರ್, ಸೀನಿಯರ್ ಎರಡನ್ನೂ ಒಂದೇ ಉಸಿರಿಗೆ ಮುಗಿಸಿ, ಕಲಿತ ಜಾಗದಲ್ಲೇ ಕಲಿಸುವವಳಾದಳು. ಕೈಹಿಡಿದವನು ಲೈನ್‌ಮನ್ ಧರ್ಮಪ್ಪ. ಕಂಬ ಹತ್ತುವುದರಲ್ಲಿ ಹುಲಿ, ಮಾತಾಡುವುದರಲ್ಲಿ ಹಸು. ಮಾತಿನ ಲೆಕ್ಕವನ್ನೆಲ್ಲ ಅವನ ಅವ್ವ ಗಾದ್ರಮ್ಮ ಸರಿದೂಗಿಸುತ್ತಿದ್ದಳು. ಗಾದ್ರಮ್ಮನಿಗೆ ಲೋಕದಲ್ಲಿ ಎರಡೇ ಎರಡು ಆಸೆ. ಒಂದು, ಹಿತ್ತಲಿನ ಕೋಳಿಗಳು. ಇನ್ನೊಂದು, ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬರುವ ದೇವರ ಕಥೆ. ಕೇರಿಗೆಲ್ಲ ಇದ್ದದ್ದು ಅದೊಂದೇ ಟಿವಿ. ಭಾನುವಾರ ಬಂತೆಂದರೆ ಜನ ಚಪ್ಪಲಿ ಹೊರಗೆ ಬಿಟ್ಟು, ಚಾಪೆ ಹಾಸಿಕೊಂಡು ಬಾಗಿಲವರೆಗೂ ಕೂರುತ್ತಿದ್ದರು. ಗಾದ್ರಮ್ಮ ಟಿವಿಗೆ ಊದಿನಕಡ್ಡಿ ಬೆಳಗಿ, ಹೂ ಏರಿಸಿ, ಪೂಜಾರಿಯ ಗತ್ತಿನಲ್ಲಿ ಪಕ್ಕಕ್ಕೆ ಸರಿಯುತ್ತಿದ್ದಳು. ಭಾಷೆ ಹಿಂದಿ. ಅದು ಯಾರಿಗೂ ಅಡ್ಡಿಯಾಗಿರಲಿಲ್ಲ.

ಎಂಬತ್ತೇಳನೇ ಇಸವಿಯ ಶ್ರಾವಣದಲ್ಲಿ ಮಲ್ಲಿಕಾರ್ಜುನಪ್ಪನವರು ದಾವಣಗೆರೆಯ ಅಂಗಡಿಯೊಂದರಿಂದ ಕಂಪ್ಯೂಟರ್ ತಂದರು. ಕಂಪ್ಯೂಟರ್ ಎಂದರೆ ಗಾಡ್ರೇಜ್ ಬೀರುವಿನಷ್ಟಿರುತ್ತದೆ ಎಂದುಕೊಂಡವರ ಮುಖ ಸಪ್ಪಗಾಯಿತು. ಇದು ಪಂಚಾಂಗದಷ್ಟಿತ್ತು. ಮೈಮೇಲೆ ರಬ್ಬರಿನ ಕೀಲಿಗಳು. ಅದಕ್ಕೆ ಸ್ವಂತ ಪರದೆ ಇರಲಿಲ್ಲ, ಟಿವಿಗೆ ಸಿಕ್ಕಿಸಬೇಕು. ಬರೆದದ್ದು ಕರೆಂಟು ಹೋದರೆ ಹೋಯಿತು, ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ತುಂಬಿ ಇಟ್ಟುಕೊಂಡರಷ್ಟೇ ಉಳಿಯಿತು. ‘ಇಲ್ಲಿ ಕಂಪ್ಯೂಟರ್ ಕಲಿಸಲಾಗುವುದು’ ಎಂದು ಬೋರ್ಡು ನೇತುಹಾಕಿ ವಾರ ಕಳೆದರೂ ಒಂದು ನರಪಿಳ್ಳೆ ಸೇರಲಿಲ್ಲ. ಅದನ್ನು ಕಲಿತು ಅಡಿಕೆ ಸುಲಿಯಬೇಕಾ ಎಂದು ಊರು ಕೇಳಿತು.

ಮಲ್ಲಿಕಾರ್ಜುನಪ್ಪನವರು ಕರಿಬಸಮ್ಮನನ್ನು ಕರೆದು ಡಬ್ಬಿಯ ಸಮೇತ ಅದನ್ನು ಒಪ್ಪಿಸಿದರು. “ನಿಮ್ಮನೇಲಿ ಟಿವಿ ಐತಲ್ರಿ, ತಗಂಡು ಹೋಗ್ರಿ. ದೀಪಾವಳಿವರೆಗೂ ನೋಡನ. ಜನ ತಾವಾಗೇ ಬಂದು ಇದರ ಮುಂದೆ ಕುಂತ್ರೆ ಇಟ್ಕಳನ, ಕ್ಲಾಸು ನೀವೇ ನಡೆಸ್ರಿ. ಇಲ್ಲಾಂದ್ರೆ ಹಬ್ಬಕ್ಕೆ ಮುಂಚೆ ವಾಪಸ್. ಡಬ್ಬಿ ಮಾತ್ರ ಜ್ವಾಪಾನ, ಅದಿಲ್ದೆ ಅಂಗಡಿಯೋನು ಮುಟ್ಟಲ್ಲ.”

ಡಬ್ಬಿ ಚೆನ್ನಾಗಿತ್ತು. ಗಟ್ಟಿ ರಟ್ಟು, ಒಳಗೆ ಬೆಳ್ಳಗೆ ಥರ್ಮೋಕೋಲಿನ ಹಾಸು, ನಡುವೆ ಹಿತವಾದ ತಗ್ಗು. ಗಾದ್ರಮ್ಮ ಯಂತ್ರದ ಕಡೆ ಕಣ್ಣೂ ಹಾಯಿಸಲಿಲ್ಲ, ಡಬ್ಬಿಯನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿ, ಕೋಳಿಯನ್ನು ಕಾವಿಗೆ ಕೂರಿಸಲು ಇಂಥದ್ದನ್ನೇ ಹುಡುಕುತ್ತಿದ್ದೆ, ಇದು ನನಗಿರಲಿ ಎಂದಳು. ಯಂತ್ರ ವಾಪಸ್ ಹೋಗುವುದಾದರೆ ಇದರಲ್ಲೇ ಹೋಗಬೇಕು ಅತ್ತೆ, ಕೊಡಲಾಗುವುದಿಲ್ಲ ಎಂದು ಕರಿಬಸಮ್ಮ ಅದನ್ನು ಅಟ್ಟಕ್ಕೇರಿಸಿದಳು. ಅವತ್ತಿನಿಂದ ಗಾದ್ರಮ್ಮನಿಗೆ ಬೆಳಗಾಗುವುದೇ ಒಂದು ಪ್ರಶ್ನೆಯಿಂದ. ಯಾವಾಗ ಹೋಗುತ್ತದೆ ನಿನ್ನ ಯಂತ್ರ? ಹೋದರೆ ಡಬ್ಬಿಯೂ ಜೊತೆಗೇ ಹೋಗುತ್ತದೆ ಎಂದು ಎಷ್ಟು ಬಿಡಿಸಿ ಹೇಳಿದರೂ ಆ ತರ್ಕ ಅವಳ ತಲೆಗೆ ಇಳಿಯಲಿಲ್ಲ. ಇಳಿಯಿತೋ, ಸೊಸೆಯನ್ನು ಕೆಣಕಲು ಇಳಿಯದ ಹಾಗೆ ನಟಿಸಿದಳೋ, ದೇವರೇ ಬಲ್ಲ.

ಮೊದಮೊದಲು ಕರಿಬಸಮ್ಮನಿಗೂ ಆ ಯಂತ್ರ ಕಂಡರೆ ಮೈ ಉರಿಯುತ್ತಿತ್ತು. ಒಂದು ಅಕ್ಷರ ಒತ್ತಿದರೆ ಅದು ಇಡೀ ಪದವನ್ನೇ ಕಕ್ಕುತ್ತಿತ್ತು. ಮಿಂಚಿನ ಹಾಗೆ ಓಡುವ ಬೆರಳುಗಳಿಗೆ ಅದು ಅವಮಾನ. ಆದರೆ ಜೊತೆಗೆ ಬಂದ ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಓದಿ, ಅದರಲ್ಲಿದ್ದ ನಾಲ್ಕು ಸಾಲು ಬಡಿದಾಗ ಪರದೆಯ ಮೇಲೆ ಒಂದು ಚುಕ್ಕಿ ಹುಟ್ಟಿತು. ಎಡದಿಂದ ಬಲಕ್ಕೆ ಹೋಯಿತು. ಕರಿಬಸಮ್ಮ ಅಷ್ಟು ವರ್ಷ ಬಡಿದದ್ದೆಲ್ಲ ಬೇರೆಯವರ ಮಾತು: ಅರ್ಜಿ, ತಕರಾರು, ‘ತಮ್ಮ ವಿಧೇಯ’. ಬಡಿದ ಹಾಳೆಯನ್ನು ಅವರು ಮಡಚಿಕೊಂಡು ಹೋಗುತ್ತಿದ್ದರು, ಮುಗಿಯಿತು. ಇಲ್ಲಿ ಅವಳು ತನ್ನ ಮಾತನ್ನು ತಾನು ಬಡಿದಿದ್ದಳು, ಅದು ಎದ್ದು ನಡೆದಿತ್ತು. ಸಂತೋಷಕ್ಕೆ ಅವಳಿಗೆ ಅಳು ಬಂತು. ಒಲೆ ಮೇಲಿನ ಸಾರು ಉಕ್ಕಿಹೋಯಿತು. ಈ ಯಂತ್ರ ನನ್ನ ಹತ್ತಿರವೇ ಇರಬೇಕು ಎಂಬ ಆಸೆ ಅವತ್ತು ಹೊಕ್ಕಿದ್ದು ಮತ್ತೆ ಅವಳನ್ನು ಬಿಡಲಿಲ್ಲ.

ಇರಬೇಕಾದರೆ ಜನ ಬಂದು ಕೂರಬೇಕು. ಜನ ಕೂರಬೇಕಾದರೆ ಆಟ ಬೇಕು. ಯಾವ ಆಟ? ಗಿಡ, ಮನೆ, ಕುದುರೆ ಬರೆಯಲು ಹೋದರೆ ಯಂತ್ರದ ಪುಟ್ಟ ತಲೆ ಅರ್ಧಕ್ಕೇ ತುಂಬಿಹೋಗುತ್ತಿತ್ತು. ಆಕಾಶಕ್ಕಾದರೆ ಖರ್ಚಿಲ್ಲ. ಪರದೆ ಮೊದಲೇ ಕಪ್ಪಗಿದೆ, ನಾಲ್ಕು ಚುಕ್ಕಿ ಎರಚಿದರೆ ನಕ್ಷತ್ರ. ಹಾಗಾಗಿ ಕರಿಬಸಮ್ಮ ಆಕಾಶದಲ್ಲೇ ಯುದ್ಧ ಹೂಡಿದಳು. ಮೇಲಿನಿಂದ ಶತ್ರುಗಳ ಆಕಾಶನೌಕೆಗಳು ಸಾಲು ಸಾಲಾಗಿ ಇಳಿಯುತ್ತವೆ, ಕೆಳಗೆ ನಮ್ಮದೊಂದು ಪುಟ್ಟ ಯುದ್ಧವಿಮಾನ, ಹೊಡೆದುರುಳಿಸಬೇಕು. ಚೌಕುಳಿ ಹಾಳೆಯ ಮೇಲೆ ಚೌಕ ತುಂಬಿ ಒಂದೊಂದು ನೌಕೆಯನ್ನೂ ಬರೆದಳು. ಗುಂಡು ತಗುಲಿದಾಗ ಯಂತ್ರದಿಂದ ‘ಪೀಕ್’ ಎಂದು ಸದ್ದು ಹೊರಡಿಸಿದಳು. ಅದು ಗುಂಡಿನ ಸದ್ದಲ್ಲ, ಇಲಿ ಬಾಲ ತುಳಿದ ಸದ್ದು ಎಂದ ಧರ್ಮಪ್ಪ. ಅವನು ವಾರಕ್ಕೊಂದು ಮಾತಾಡಿದರೂ ತೂಕವಾಗಿಯೇ ಆಡುತ್ತಿದ್ದ.

ಟೈಪಿಂಗಿನ ಹುಡುಗರು ಹುಡುಗಿಯರು ಒಂದೊಂದು ಗುಂಪಾಗಿ ಬಂದು ಆಡಿದರು. ಗೆದ್ದರು. ಚೆನ್ನಾಗೈತ್ರಿ ಮೇಡಂ ಎಂದರು, ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋದರು. ಎರಡನೇ ಸಲ ಯಾರೂ ಬರಲಿಲ್ಲ. ಕರಿಬಸಮ್ಮ ಪಟ್ಟುಬಿಡದೆ ಇನ್ನೂ ದೊಡ್ಡದನ್ನು ಹೂಡಿದಳು. ಸಮುದ್ರದಲ್ಲಿ ವಿಮಾನ ಹೊತ್ತು ಸಾಗುವ ಹಡಗಿನ ಚಿತ್ರವನ್ನು ಅವಳು ಪತ್ರಿಕೆಯಲ್ಲಿ ನೋಡಿದ್ದಳು. ಅಂಥದ್ದೊಂದು ಭಾರೀ ನೌಕೆಯನ್ನು ಆಕಾಶಕ್ಕೆ ತಂದಳು. ಅದರ ಹೊಟ್ಟೆಯಡಿಯಿಂದ ಪುಟ್ಟ ಪುಟ್ಟ ಯುದ್ಧವಿಮಾನಗಳು ಹೊರಟು, ಸುತ್ತ ಹರಡಿ, ಮತ್ತೆ ಓಡಿಬಂದು ಹೊಟ್ಟೆಯಡಿ ಸೇರಿಕೊಳ್ಳುವಂತೆ ಮಾಡಿದಳು. ಇದಕ್ಕೆ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಅವು ಒಂದರ ಮೇಲೊಂದು ಹತ್ತುತ್ತಿದ್ದವು, ಅರ್ಧ ದಾರಿಯಲ್ಲಿ ಮಾಯವಾಗುತ್ತಿದ್ದವು. ಒಮ್ಮೆ ಎಲ್ಲವೂ ಸೇರಿ ಪರದೆಯ ಮೂಲೆಯಲ್ಲಿ ಜಗಳಕ್ಕೆ ನಿಂತವರ ಹಾಗೆ ನಿಂತುಬಿಟ್ಟವು.

ಇದರ ನಡುವೆ ಆಯುಧಪೂಜೆ ಬಂತು. ಗಾದ್ರಮ್ಮ ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು ಕುಡುಗೋಲಿಗೆ, ಧರ್ಮಪ್ಪನ ಕಟಿಂಗ್ ಪ್ಲೇಯರಿಗೆ, ಏಣಿಗೆ, ಟೇಪ್ ರೆಕಾರ್ಡರಿಗೆ ಕುಂಕುಮ ಹಚ್ಚುತ್ತಾ ಬಂದು, ಕಂಪ್ಯೂಟರಿನ ಮುಂದೆ ಒಂದು ಗಳಿಗೆ ತಡೆದಳು. ಅನ್ನ ಕೊಡದಿದ್ದರೂ ಮಿಷನ್ ಮಿಷನ್ನೇ ಎಂದು ತೀರ್ಮಾನಿಸಿ, ಒಂದು ತುದಿಯ ಕೀಲಿಗೆ ಅರಿಶಿನ, ಇನ್ನೊಂದು ತುದಿಯ ಕೀಲಿಗೆ ಕುಂಕುಮ, ಮೂಲೆಯದಕ್ಕೆ ಗಟ್ಟಿಯಾಗಿ ವಿಭೂತಿ ಒತ್ತಿದಳು. ಸ್ನಾನ ಮುಗಿಸಿ ಬಂದ ಕರಿಬಸಮ್ಮ ಎದೆ ಒಡೆದುಕೊಂಡಳು. ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಸೀಮೆಎಣ್ಣೆ ಸೋಕಿಸಿದಳು. ಕಲೆ ರಬ್ಬರಿನೊಳಕ್ಕೆ ಇಳಿದುಹೋಗಿತ್ತು. ಯಂತ್ರ ಮಾತ್ರ ಎಂದಿನಂತೆ ನಡೆಯಿತು. ನಡೆಯದೆ ಏನು, ಪೂಜೆ ಮಾಡಿದ್ದೀನಲ್ಲ ಎಂದಳು ಗಾದ್ರಮ್ಮ.

ಹಬ್ಬ ಮುಗಿದ ಮರುದಿನವೋ ಅದರ ಮರುದಿನವೋ, ಧರ್ಮಪ್ಪ ಡ್ಯೂಟಿ ಮುಗಿಸಿ ಬಂದು ಹೊಸ ಆಟದ ಮುಂದೆ ಕೂತ. ಭಾರೀ ನೌಕೆ ತೇಲಿಬಂತು, ಪುಟಾಣಿ ವಿಮಾನಗಳು ಹೊರಟವು, ಧರ್ಮಪ್ಪ ಒಂದೊಂದನ್ನೇ ಪೀಕ್ ಪೀಕ್ ಎಂದು ಉರುಳಿಸತೊಡಗಿದ. ಮೊರದಲ್ಲಿ ನುಚ್ಚು ಹಿಡಿದು ಹಿತ್ತಲಿಗೆ ಹೊರಟಿದ್ದ ಗಾದ್ರಮ್ಮ ಟಿವಿಯ ಮುಂದೆ ಹಾಯುವಾಗ ಅಪ್ಪಿತಪ್ಪಿ ತಿರುಗಿ ನೋಡಿದಳು. ನಿಂತಳು. ಮೊರ ಕೆಳಗಿಟ್ಟಳು. ಮಗನ ಬೆನ್ನಿಗೆ ಛಟೀರೆಂದು ಒಂದು ಬಿಟ್ಟಳು.

“ಮುಟ್ಠಾಳ! ಮರಿ ಕಟ್ಕಂಡು ಮೇಯಾಕೆ ಬಂದ ಕೋಳಿನ ಹೊಡೀತೀಯಲ್ಲೋ, ನಿನ್ನ ಹೊಟ್ಟೆಗೇನು ಅನ್ನ ಹಾಕಿಲ್ವಾ ನಾನು?”

ಕರಿಬಸಮ್ಮ ಓಡಿಬಂದು ಅದು ಕೋಳಿಯಲ್ಲ ಅತ್ತೆ, ಶತ್ರುಗಳ ನೌಕೆ, ಅವು ಯುದ್ಧವಿಮಾನಗಳು, ಇದು ಆಕಾಶ ಎಂದೆಲ್ಲ ಹೇಳಿದಳು. ಗಾದ್ರಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, ಹುಟ್ಟಿದಾಗಿನಿಂದ ಕೋಳಿ ಸಾಕಿದವಳಿಗೆ ಕೋಳಿ ಗುರುತು ಹೇಳಿಕೊಡುತ್ತೀಯಾ ಎಂದಳು. ರೆಕ್ಕೆ ಕೆಡವಿಕೊಂಡು ನಡೆಯುವುದು ಕಾಣುವುದಿಲ್ಲವೇ? ಮರಿಗಳು ಅಡಿಗೆ ನುಗ್ಗುವುದು ಕಾಣುವುದಿಲ್ಲವೇ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಂಥ ಪಾಪದ ಆಟ ನಡೆಯುವ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ ಎಂದು, ಪಕ್ಕದ ಮನೆಯ ಅಂಜಿನಮ್ಮನಿಗೆ ಕೋಳಿಗಳ ಉಸ್ತುವಾರಿ ಒಪ್ಪಿಸಿ, ಸೀರೆ ಗಂಟು ಕಟ್ಟಿಕೊಂಡು ಹೊನ್ನಾಳಿಯ ಮಗಳ ಮನೆಗೆ ಬಸ್ಸು ಹತ್ತಿಯೇಬಿಟ್ಟಳು.

ಕರಿಬಸಮ್ಮನ ಕಣ್ಣಲ್ಲಿ ನೀರು ತುಂಬಿತು. ಎರಡು ತಿಂಗಳ ದುಡಿಮೆ ಕಡೆಗೆ ಕೋಳಿಯಾಯಿತಲ್ಲ! ಸೆರಗಲ್ಲಿ ಕಣ್ಣೊರೆಸಿಕೊಂಡು ಮತ್ತೊಮ್ಮೆ ಪರದೆ ನೋಡಿದಳು. ನೌಕೆ ತೇಲುತ್ತಿತ್ತು. ಅಡ್ಡ ರೆಕ್ಕೆ, ಮುಂದೆ ಚೂಪು, ಹಿಂದೆ ಬಾಲ. ಪುಟಾಣಿಗಳು ಗುಡುಗುಡು ಓಡಿ ಅಡಿಗೆ ಹೊಕ್ಕವು. ಕೋಳಿಯೇ. ಅಚ್ಚುಕಟ್ಟಾದ ಕೋಳಿ. ಅವಳಿಗೆ ನಗು ಬಂತು. ಬೆನ್ನುಜ್ಜಿಕೊಳ್ಳುತ್ತಿದ್ದ ಧರ್ಮಪ್ಪನಿಗೂ ಬಂತು. ಗಂಡ ಹೆಂಡತಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳಾಡುವಷ್ಟು ನಕ್ಕರು.

ನಕ್ಕು ಸುಸ್ತಾದ ಮೇಲೆ ಕರಿಬಸಮ್ಮನಿಗೆ ಒಂದು ವಿಷಯ ಹೊಳೆಯಿತು. ಗೆದ್ದವರೆಲ್ಲ ಎದ್ದು ಹೋಗಿದ್ದರು. ಎರಡು ತಿಂಗಳಲ್ಲಿ ಈ ಆಟ ನೋಡಿ ಹೊಟ್ಟೆ ಉರಿಸಿಕೊಂಡವಳು ಅತ್ತೆಯೊಬ್ಬಳೇ. ಹೊಟ್ಟೆ ಉರಿದರೆ ತಾನೇ ಮನಸ್ಸು ಇಳಿದಿದೆ ಎಂದರ್ಥ? ಹೊಡೆಯಲು ಯಾರಿಗೂ ಆಸೆಯಿಲ್ಲದಿದ್ದರೆ, ಕಾಯಲು?

ಮಾರನೇ ದಿನದಿಂದ ಅವಳು ಆಟವನ್ನೇ ತಿರುವಿಹಾಕಿದಳು. ಭಾರೀ ನೌಕೆ ಈಗ ನಮ್ಮದು, ಅದರ ಪುಟಾಣಿಗಳೂ ನಮ್ಮವು. ಶತ್ರುಗಳು ಮೇಲಿನಿಂದ ಗರಗರ ಸುತ್ತುತ್ತಾ ಬಂದು, ಗುಂಪಿನಿಂದ ಹಿಂದುಳಿದದ್ದರ ಮೇಲೆ ಸರ್ರನೆ ಎರಗುತ್ತವೆ. ನಮ್ಮ ಯುದ್ಧವಿಮಾನ ಅಡ್ಡ ಹೋಗಿ ಅವನ್ನು ಅಟ್ಟಬೇಕು. ಶತ್ರುಗಳ ರೆಕ್ಕೆಯನ್ನು ಅವಳು ಹದ್ದಿನ ರೆಕ್ಕೆಯ ಹಾಗೇ ಬರೆದಳು, ಇನ್ನು ಮುಚ್ಚುಮರೆ ಯಾಕೆ? ಎಡಕ್ಕೆ ಅರಿಶಿನದ ಕೀಲಿ, ಬಲಕ್ಕೆ ಕುಂಕುಮದ ಕೀಲಿ, ಗುಂಡು ಹೊಡೆಯಲು ವಿಭೂತಿಯ ಕೀಲಿ. ಅಕ್ಷರ ಬಾರದ ಅತ್ತೆ ಒಂದೇ ಒಂದು ಸಲ ಕೂತರೆ ಸಾಕು ಎಂಬುದು ಅವಳ ಒಳಗಿನ ಆಸೆ. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಒಮ್ಮೆ ಕರೆಂಟು ಹೋಗಿ ಅರ್ಧ ಆಟ ಗಾಳಿಗೆ ಹಾರಿತು. ಲೈನ್‌ಮನ್ ಗಂಡನಿಗೆ ಅವತ್ತು ಬಿದ್ದ ಬೈಗುಳ ಇಲ್ಲಿ ಬೇಡ. ಮತ್ತೆ ಬಡಿದಳು. ಎರಡನೇ ಸಲ ಬಡಿದಾಗ ಅದು ಇನ್ನೂ ಚೆನ್ನಾಗಿ ಕೂತಿತು.

ದೀಪಾವಳಿಯ ಹಿಂದಿನ ಭಾನುವಾರ ಬೆಳಿಗ್ಗೆ ಮಲ್ಲಿಕಾರ್ಜುನಪ್ಪನವರು ಮೊದಲೇ ಹೇಳಿದ್ದಂತೆ ಬಂದರು. ದಾವಣಗೆರೆಗೆ ಹೋಗುವವರೊಬ್ಬರ ಜೀಪು ಸಿಕ್ಕಿದೆ, ಯಂತ್ರ ಇವತ್ತೇ ಹೋಗಿಬಿಡಲಿ ಎಂದರು. ಕೆಟ್ಟ ಮನುಷ್ಯರಲ್ಲ, ದನಿಯಲ್ಲಿ ಬೇಸರವಿತ್ತು. ಧರ್ಮಪ್ಪ ಅಟ್ಟದಿಂದ ಡಬ್ಬಿ ಇಳಿಸಿ ಬಾಗಿಲ ಪಕ್ಕ ಇಟ್ಟ. ದೇವರ ಕಥೆಗೆಂದು ಅಂಜಿನಮ್ಮ ಮೊದಲಾಗಿ ಕೇರಿಯ ಜನ ಒಬ್ಬೊಬ್ಬರೇ ಬಂದು ಚಾಪೆ ಹಿಡಿದು ಕೂರುತ್ತಿದ್ದರು. ಅದೇ ಹೊತ್ತಿಗೆ ಹೊನ್ನಾಳಿಯ ಬಸ್ಸಿಳಿದು ಗಾದ್ರಮ್ಮನೂ ಬಂದಳು. ಮಗಳ ಮನೆಯಲ್ಲಿ ಟಿವಿ ಇರಲಿಲ್ಲ. ಎರಡು ಭಾನುವಾರ ಹೇಗೋ ತಡೆದಿದ್ದಳು, ಮೂರನೆಯದಕ್ಕೆ ಆಗಲಿಲ್ಲ. ಮುನಿಸು ಎಷ್ಟು ದೊಡ್ಡದಾದರೂ ಭಾನುವಾರಕ್ಕಿಂತ ದೊಡ್ಡದಲ್ಲವಷ್ಟೆ? ಸೊಸೆಯನ್ನು ಮಾತಾಡಿಸದೆ ಕೈಕಾಲು ತೊಳೆದು, ಊದಿನಕಡ್ಡಿ ಹಚ್ಚಿಕೊಂಡು ನಿಂತಳು.

ಕಥೆಗೆ ಇನ್ನೂ ಹೊತ್ತಿತ್ತು. ಕಟ್ಟುವ ಮುಂಚೆ ಏನು ಮಾಡಿದ್ದೀರಿ ಅಂತ ಒಂದು ಸಲ ತೋರಿಸಿಬಿಡ್ರಿ ಎಂದರು ಮಲ್ಲಿಕಾರ್ಜುನಪ್ಪನವರು. ಕರಿಬಸಮ್ಮ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದಳು. ಅದು ಕೀಚಲು ದನಿಯಲ್ಲಿ ಅರಚಿ ಅರಚಿ ಸುಮ್ಮನಾದ ಮೇಲೆ ನಕ್ಷತ್ರ ಮೂಡಿದವು. ಧರ್ಮಪ್ಪ ಕೂತ. ಕೋಳಿ ತೇಲಿಬಂತು, ಮರಿಗಳು ಹರಡಿದವು, ಮೇಲಿನಿಂದ ಹದ್ದು ಇಳಿಯಿತು. ಧರ್ಮಪ್ಪ ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋದ. ಹದ್ದು ಒಂದು ಮರಿಯನ್ನು ಎತ್ತಿಕೊಂಡು ಹಾರಿತು. ಹಿಂದೆ ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ ‘ಅಯ್ಯೋ’ ಎಂದರು.

ಊದಿನಕಡ್ಡಿ ಬಾಗಿಲ ಸಂದಿಗೆ ಸಿಕ್ಕಿಸಿ ಗಾದ್ರಮ್ಮ ಮುಂದೆ ಬಂದಳು. “ಸರಿಯೋ ಅತ್ಲಾಗೆ. ಕಂಬ ಹತ್ತಾಕೆ ಲಾಯಕ್ಕು ನೀನು.” ಮಗನನ್ನು ಸೊಂಟದಿಂದಲೇ ತಳ್ಳಿ ಕೂತು, ಯಾವುದು ಎಡಕ್ಕೆ ಎಂದು ಸೊಸೆಯನ್ನು ಕೇಳಿದಳು. ಅರಿಶಿನ ಅತ್ತೆ ಎಂದಳು ಕರಿಬಸಮ್ಮ. ಮಿಕ್ಕದ್ದನ್ನು ಹೇಳಬೇಕಾಗಲಿಲ್ಲ.

ಮೊದಲ ಹದ್ದು ತಪ್ಪಿತು. ಎರಡನೆಯದನ್ನು ಗಾದ್ರಮ್ಮ ಅಡ್ಡಗಟ್ಟಿ ಅಟ್ಟಿದಳು. ಬಾಯಲ್ಲಿ ‘ಹೂಶ್ಶಾ, ಹೂಶ್ಶಾ’, ಬೆರಳಲ್ಲಿ ವಿಭೂತಿ. ಹಿತ್ತಲಿನಲ್ಲಿ ನಿಜವಾದ ಕೋಳಿಗಳು ಆ ಕೂಗು ಕೇಳಿ ಗಾಬರಿಯಿಂದ ಬುಟ್ಟಿಯೊಳಗೆ ಸೇರಿಕೊಂಡವು. ಮೂಲೆಯಲ್ಲಿ ಬಂತು ನೋಡು, ಕುಂಕುಮಕ್ಕೆ ಹೋಗು, ಹೋಗು ಎಂದು ಜನ ಹಿಂದಿನಿಂದ ದಾರಿ ಹೇಳತೊಡಗಿದರು. ಮಲ್ಲಿಕಾರ್ಜುನಪ್ಪನವರು ಯಾವಾಗ ಚಪ್ಪಲಿ ಬಿಟ್ಟು ಒಳಗೆ ಬಂದರೋ, ಯಾವಾಗ ಅಂಜಿನಮ್ಮನ ಚಾಪೆಯ ತುದಿಯಲ್ಲಿ ಮಂಡಿಯೂರಿದರೋ ಅವರಿಗೇ ತಿಳಿಯಲಿಲ್ಲ.

ದೇವರ ಕಥೆಯ ಹೊತ್ತಾಯಿತು. ಕಥೆ ಬರಬೇಕಾದರೆ ಯಂತ್ರದ ವೈರು ಕೀಳಬೇಕು, ವೈರು ಕಿತ್ತರೆ ಆಟ ಹೋಗುತ್ತದೆ. ಕರಿಬಸಮ್ಮ ಟಿವಿಯ ಹಿಂದೆ ಕೈಯಿಟ್ಟುಕೊಂಡು ನಿಂತಳು. ಇಡೀ ಕೇರಿ ಗಾದ್ರಮ್ಮನ ಬೆನ್ನು ನೋಡಿತು. ವಾರವೆಲ್ಲ ಈ ಹೊತ್ತಿಗಾಗಿ ಕಾಯುವವಳು ಅವಳು, ಮೊದಲು ಎದ್ದು ಕೈಮುಗಿಯುವವಳೂ ಅವಳೇ. ಅಂಜಿನಮ್ಮ ಮೆಲ್ಲಗೆ, ಟೈಮಾತಲ್ಲ ಗಾದ್ರವ್ವ, ದೇವ್ರು ಬರ್ತಾನೆ ಎಂದಳು.

ಗಾದ್ರಮ್ಮ ತಿರುಗಲಿಲ್ಲ. “ದೇವ್ರು ಬರೋ ವಾರನೂ ಬರ್ತಾನೆ ಕಣೇ. ಮರಿ ಹೋದ್ರೆ ಬರ್ತಾವಾ?”

ಯಾರೂ ಎದ್ದು ಹೋಗಲಿಲ್ಲ. ಕರಿಬಸಮ್ಮ ವೈರಿನಿಂದ ಕೈ ತೆಗೆದು ಗೋಡೆಗೆ ಒರಗಿದಳು. ಅವಳಿಗೆ ಆದ ಸಂತೋಷ ಎಂಥದೆಂದರೆ, ಆಮೇಲಿನ ವರ್ಷಗಳಲ್ಲಿ ಅವಳ ಕೈಕೆಳಗೆ ಎಷ್ಟೋ ಮಂದಿ ಕಂಪ್ಯೂಟರ್ ಕಲಿತರು, ಯಾರಿಗೂ ಅದನ್ನು ಸರಿಯಾಗಿ ವಿವರಿಸಲು ಅವಳಿಗೆ ಆಗಲಿಲ್ಲ.

ಹದ್ದುಗಳ ದಂಡು ಮುಗಿದು ಮರಿಗಳೆಲ್ಲ ಅಡಿ ಸೇರಿದಾಗ ಗಾದ್ರಮ್ಮ ಹಣೆಯ ಬೆವರೊರೆಸಿಕೊಂಡಳು. ಮಲ್ಲಿಕಾರ್ಜುನಪ್ಪನವರು ಗಂಟಲು ಸರಿಮಾಡಿಕೊಂಡು, ಗಾದ್ರವ್ವಾ, ನನಗೊಂದು ಪಾಳಿ ಕೊಡ್ತೀಯಾ ಎಂದರು. ಅಂಜಿನಮ್ಮನದು ಮುಂಚೆ, ಆಮೇಲೆ ನಿಮ್ಮದು ಎಂದಳು ಅವಳು. ಬೀದಿಯಲ್ಲಿ ಜೀಪು ಹಾರನ್ ಹೊಡೆಯಿತು. ಮಲ್ಲಿಕಾರ್ಜುನಪ್ಪನವರು ಧರ್ಮಪ್ಪನ ಕಡೆ ತಿರುಗಿ, ನೀವು ಹೋಗ್ರಿ ಅಂತ ಹೇಳಿ ಬಾರಪ್ಪ ಎಂದರು.

ಇಷ್ಟು ಕಿವಿಗೆ ಬಿದ್ದದ್ದೇ ತಡ, ಗಾದ್ರಮ್ಮ ಎದ್ದಳು. ಬಾಗಿಲ ಪಕ್ಕದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು, ಯಾರನ್ನೂ ಕೇಳದೆ ಹಿತ್ತಲಿಗೆ ನಡೆದಳು. ಥರ್ಮೋಕೋಲಿನ ತಗ್ಗಿಗೆ ಹುಲ್ಲು ಹಾಸಿ, ಮೊಟ್ಟೆ ಜೋಡಿಸಿ, ಕೆಂಪು ಕೋಳಿಯನ್ನು ಎತ್ತಿ ಕಾವಿಗೆ ಕೂರಿಸಿದಳು.